ಓದುಗರ ಪತ್ರ ಯಾರ ಟೇಬಲ್ಲಿಗೆ ಹೋಗುತ್ತದೆ?

ಐದು ವರ್ಷದ ಹಿಂದೆ ಬ್ಯಾಡಗಿ ಮಾರುಕಟ್ಟೆ ಬಗ್ಗೆ ಒಂದು ಲೇಖನ ಬರೆದಿದ್ದೆ. ಅದರಲ್ಲಿ ಒಂದು ಕಡೆ ‘ಖಾರಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿ’ ಅಂತ ಬಂದಿತ್ತು. ಬರೆಯುವ ಓಟದಲ್ಲಿ ಬಂದುಬಿಟ್ಟ ಸಾಲು. ನಾನೂ ನೋಡಲಿಲ್ಲ, ಪತ್ರಿಕೆಯಲ್ಲಿ ಬರಹ ತಿದ್ದಿ ಪುಟಕ್ಕೆ ಕೊಡುವ ಡೆಸ್ಕಿನಲ್ಲೂ ಯಾರೂ ನೋಡಲಿಲ್ಲ. ಲೇಖನ ಅಚ್ಚಾದ ದಿನ ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ಹಾವೇರಿ ಜಿಲ್ಲೆಯ ಒಬ್ಬ ರೈತರು. ಪೇಪರ್ ಏಜೆಂಟರನ್ನು ಕೇಳಿ, ಅವರ ಮೂಲಕ ತಾಲ್ಲೂಕಿನ ವರದಿಗಾರರನ್ನು ಹಿಡಿದು, ಅವರಿಂದ ನನ್ನ ನಂಬರ್ ಪಡೆದಿದ್ದರು.

"ಸರ, ಲೇಖನ ಛಲೋ ಐತ್ರಿ. ಆದ್ರ ಒಂದ್ ಮಾತು ತಪ್ಪೈತಿ. ನಮ್ಮ ಕಾಯಿ ಖಾರಕ್ಕ ಹೆಸರಾಗಿಲ್ರಿ, ಬಣ್ಣಕ್ಕ ಹೆಸರಾಗೈತಿ. ಖಾರ ಬೇಕಂದ್ರ ಗುಂಟೂರ ಕಾಯಿ ತಗೋತಾರ."

ಆಮೇಲೆ ಅರ್ಧ ಗಂಟೆ ಮಾತಾಡಿದರು. ಡಬ್ಬಿ ಅಂದರೆ ಯಾವುದು, ಕಡ್ಡಿ ಅಂದರೆ ಯಾವುದು, ಬಣ್ಣ ತೆಗೆಯುವ ಕಾರ್ಖಾನೆಯವರು ಎಂಥ ಕಾಯಿ ಹುಡುಕುತ್ತಾರೆ, ಒಣಗಿಸುವಾಗ ಒಂದು ಮಳೆ ಬಿದ್ದರೆ ದರ ಎಲ್ಲಿಗೆ ಇಳಿಯುತ್ತದೆ, ಎಲ್ಲ ಹೇಳಿದರು. ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಅದರ ಬಣ್ಣ ಲಿಪ್‌ಸ್ಟಿಕ್, ನೇಲ್ ಪಾಲಿಶ್‌ವರೆಗೂ ಹೋಗುತ್ತದೆ ಅನ್ನುವುದನ್ನು ನಾನೇ ಅದೇ ಲೇಖನದಲ್ಲಿ ಬರೆದಿದ್ದೆ. ಆದರೂ ಖಾರ ಅಂತ ಬರೆದಿದ್ದೆ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅವತ್ತೇ ಪತ್ರಿಕೆಗೆ ಒಂದು ತಿದ್ದುಪಡಿ ಬರೆದು ಕಳಿಸಿದೆ. ಅದು ಅಚ್ಚಾಗಲಿಲ್ಲ. ವಾರದ ಮೇಲೆ ಕೇಳಿದೆ. ‘ಜಾಗ ಇರಲಿಲ್ಲ, ಈಗ ಹಳೇದಾಯ್ತು’ ಅಂದರು. ಆರು ತಿಂಗಳ ನಂತರ ಬೇರೆ ಒಂದು ಕಡೆ ಬೇರೆಯವರ ಲೇಖನದಲ್ಲಿ ನನ್ನ ಆ ಸಾಲು ಹಾಗೇ ಕಾಣಿಸಿಕೊಂಡಿತು.

ಆ ರೈತರು ತಮ್ಮ ಪಾಲಿನ ಕೆಲಸ ಪೂರ್ತಿ ಮಾಡಿದ್ದರು. ಓದಿದರು, ತಪ್ಪು ಹಿಡಿದರು, ಇಬ್ಬರನ್ನು ಕೇಳಿ ನನ್ನನ್ನು ಹುಡುಕಿದರು, ಸರಿಯಾದದ್ದು ಹೇಳಿದರು. ಇಷ್ಟಾದರೂ ಅವರ ಮಾತು ಉಳಿದ ಓದುಗರಿಗೆ ತಲುಪಲಿಲ್ಲ. ನನಗೆ ಇವತ್ತು ದೊಡ್ಡದಾಗಿ ಕಾಣುವ ತೊಂದರೆ ಇದೇ. ಓದುಗರ ಮಾತು ಮೊದಲಿಗಿಂತ ಎಷ್ಟೋ ಜಾಸ್ತಿ ಬರುತ್ತಿದೆ. ಆದರೆ ಬಂದ ಮಾತು ಪುಟಕ್ಕೆ ವಾಪಸ್ ಹೋಗುವ ದಾರಿ ಮಾತ್ರ ಕಿರಿದಾಗುತ್ತಾ ಹೋಗಿದೆ.

ಈ ದಾರಿ ಮೊದಲು ಹೇಗಿತ್ತು ಅಂತ ಸ್ವಲ್ಪ ಹೇಳಬೇಕು, ಏಕೆಂದರೆ ನಾನು ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಆರು ವರ್ಷ ಡೆಸ್ಕಿನಲ್ಲಿದ್ದೆ, ಅದರಲ್ಲಿ ಮೂರು ವರ್ಷ ಓದುಗರ ಪತ್ರಗಳು ನನ್ನ ಟೇಬಲ್ಲಿಗೇ ಬರುತ್ತಿದ್ದವು. ಹನ್ನೊಂದು ಗಂಟೆಗೆ ಟಪಾಲು. ಕಾರ್ಡು, ಇನ್‌ಲ್ಯಾಂಡ್, ಲಕೋಟೆ, ಒಮ್ಮೊಮ್ಮೆ ಶಾಲೆ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಮೊದಲು ಹೆಸರು, ವಿಳಾಸ ಇದೆಯಾ ಅಂತ ನೋಡುವುದು. ಇಲ್ಲದಿದ್ದರೆ ಪುಟಕ್ಕೆ ಇಲ್ಲ. ಆದರೆ ಒಳಗೆ ಸುದ್ದಿ ಇದ್ದರೆ ಎಸೆಯುತ್ತಿರಲಿಲ್ಲ, ಆ ಊರಿನ ವರದಿಗಾರರಿಗೆ ಓದಿ ಹೇಳುತ್ತಿದ್ದೆವು. ಲೇಖನದ ಬಗ್ಗೆ ಬಂದದ್ದನ್ನು ಲೇಖಕರಿಗೆ ಕಳಿಸುವುದು. ಉಳಿದದ್ದರಲ್ಲಿ ಆರೋ ಏಳೋ ಆರಿಸಿ, ಉದ್ದ ಇದ್ದರೆ ಕತ್ತರಿಸಿ, ಅರ್ಥ ಕೆಡದ ಹಾಗೆ ತಿದ್ದಿ, ಸಂಜೆ ನಾಲ್ಕಕ್ಕೆ ಪುಟಕ್ಕೆ ಕೊಡುವುದು.

ಕಾರ್ಡಿನಲ್ಲಿ ಬರೆದವರ ಪತ್ರಕ್ಕೆ ಕತ್ತರಿ ಕಡಿಮೆ ಬೇಕಾಗುತ್ತಿತ್ತು. ಜಾಗ ಅಷ್ಟೇ ಇರುವುದರಿಂದ ಅವರೇ ಅಳೆದು ಬರೆಯುತ್ತಿದ್ದರು. ಅದು ಈಗಲೂ ಐವತ್ತು ಪೈಸೆಗೆ ಸಿಗುತ್ತದೆ. ಕೊಳ್ಳುವವರು ಕಡಿಮೆ ಆಗಿದ್ದಾರೆ, ಅಷ್ಟೇ.

ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬರವಣಿಗೆಯ ಬಗ್ಗೆ ಇರುತ್ತಲೇ ಇರಲಿಲ್ಲ. ‘ನಮ್ಮ ಓಣಿಗೆ ನೀರು ಬಂದು ಎಂಟು ದಿನ ಆಯಿತು’, ‘ಬಸ್ಸು ನಮ್ಮ ಊರ ಒಳಗೆ ಬರುತ್ತಿಲ್ಲ’, ‘ಗಟಾರು ತುಂಬಿದೆ’. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯಿಂದ ನೀರು ಬರುತ್ತದೆ. ಎಷ್ಟೋ ಓಣಿಗಳಲ್ಲಿ ಅದು ದಿನ ಬಿಟ್ಟು ದಿನವೂ ಬರುವುದಿಲ್ಲ. ಹಾಗಾಗಿ ನೀರಿನ ಪತ್ರ ಬೇಸಿಗೆಯಲ್ಲಿ ಕಟ್ಟುಗಟ್ಟಲೆ. ನಮ್ಮ ಕಡೆ ಜನ ಪತ್ರಿಕೆಯನ್ನು ಅರ್ಜಿ ಕೊಡುವ ಇನ್ನೊಂದು ಕಚೇರಿ ಹಾಗೆ ನೋಡುತ್ತಾರೆ. ಇದರಲ್ಲಿ ತಪ್ಪಿಲ್ಲ, ಎಷ್ಟೋ ಸಲ ಒಂದು ಪತ್ರ ಅಚ್ಚಾದ ಮೇಲೇ ನೀರಿನ ವಾಲ್ ತಿರುಗಿಸಿದ್ದು ಉಂಟು. ಆದರೆ ಇದರಿಂದ ಒಂದು ನಷ್ಟ ಇದೆ. ‘ನೀವು ಬರೆದದ್ದು ಹೀಗಲ್ಲ, ಹೀಗೆ’ ಅನ್ನುವ ಪತ್ರ ಈ ರಾಶಿಯ ಅಡಿಯಲ್ಲಿ ಬೀಳುತ್ತದೆ. ಎರಡಕ್ಕೂ ಬೇರೆ ಬೇರೆ ಜಾಗ ಮಾಡಿದ ಪತ್ರಿಕೆಗಳು ಮಾತ್ರ ಎರಡನೆಯದನ್ನು ಉಳಿಸಿಕೊಳ್ಳುತ್ತವೆ.

ಬರವಣಿಗೆಯ ಬಗ್ಗೆ ಬರುವ ಪತ್ರಗಳಲ್ಲೂ ಎಲ್ಲವೂ ಒಂದೇ ತೂಕದ್ದಲ್ಲ. ಹೊಗಳಿಕೆ ಖುಷಿ ಕೊಡುತ್ತದೆ, ಬರೆಯುವವರಿಗೆ ಅದೂ ಬೇಕು. ಆದರೆ ಅದರಿಂದ ಮುಂದಿನ ಲೇಖನದಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಬೈಗುಳದಿಂದಲೂ ಅಷ್ಟೇ. ತಪ್ಪು ತೋರಿಸುವ ಪತ್ರ ಬೆಲೆಯದ್ದು. ಅದಕ್ಕಿಂತಲೂ ಬೆಲೆಯದ್ದು, ನನ್ನ ಅನುಭವದಲ್ಲಿ, ನೀವು ಬರೆದದ್ದಕ್ಕೆ ಇನ್ನೊಂದನ್ನು ಸೇರಿಸುವ ಪತ್ರ. ಒಮ್ಮೆ ಗದಗ ಹತ್ತಿರದ ಲಕ್ಕುಂಡಿಯ ಹಳೇ ಬಾವಿಗಳ ಮೇಲೆ ಒಂದು ಲೇಖನ ಹಾಕಿದ್ದೆವು. ಕಲ್ಲು, ಕೆತ್ತನೆ, ಚಾಲುಕ್ಯರು, ಎಲ್ಲ ಇತ್ತು. ಆ ಕಡೆಯ ಒಬ್ಬ ಹೆಣ್ಣುಮಗಳು ಎರಡು ಪುಟದ ಪತ್ರ ಬರೆದಳು. ತನ್ನ ಅಜ್ಜಿ ಕುಡಿಯುವ ನೀರು ಯಾವ ಬಾವಿಯಿಂದ ತರುತ್ತಿದ್ದಳು, ಬಟ್ಟೆ ಒಗೆಯಲು ಎಲ್ಲಿಗೆ ಹೋಗುತ್ತಿದ್ದಳು, ಬೇಸಿಗೆಯಲ್ಲಿ ಎಷ್ಟು ಮೆಟ್ಟಿಲು ಇಳಿಯಬೇಕಾಗುತ್ತಿತ್ತು, ಯಾರಿಗೆ ಯಾವ ಬಾವಿಗೆ ಇಳಿಯಲು ಬಿಡುತ್ತಿರಲಿಲ್ಲ. ನಮ್ಮ ಲೇಖನದಲ್ಲಿ ನೀರೇ ಇರಲಿಲ್ಲ ಅನ್ನುವುದು ಅದನ್ನು ಓದಿದ ಮೇಲೆ ಗೊತ್ತಾಯಿತು. ಆ ಪತ್ರವನ್ನು ಕತ್ತರಿಸದೆ ಅವಳ ಹೆಸರಿನಲ್ಲೇ ಭಾನುವಾರದ ಪುಟಕ್ಕೆ ಹಾಕಿದೆವು. ಆ ಮೂರು ವರ್ಷದಲ್ಲಿ ನಾನು ಮಾಡಿದ ಕೆಲಸದಲ್ಲಿ ನನಗೆ ಇವತ್ತಿಗೂ ಹೆಮ್ಮೆ ಇರುವುದು ಅದರ ಬಗ್ಗೆ.

ಓದುಗರ ಮಾತನ್ನು ಬರವಣಿಗೆಯ ಮೂಲವನ್ನಾಗಿಯೇ ಮಾಡಿಕೊಂಡ ದೊಡ್ಡ ಉದಾಹರಣೆ ಕನ್ನಡದಲ್ಲಿ ಇದೆ. ಜಿ. ವೆಂಕಟಸುಬ್ಬಯ್ಯ ಅವರು 1991ರಲ್ಲಿ ಪ್ರಜಾವಾಣಿಯಲ್ಲಿ ಶುರು ಮಾಡಿದ ‘ಇಗೋ ಕನ್ನಡ’ ಅಂಕಣ ನಡೆದದ್ದೇ ಓದುಗರು ಕೇಳಿದ ಪದಗಳ ಮೇಲೆ. ಒಬ್ಬರು ಕೇಳುವುದು, ಅವರು ಉತ್ತರ ಕೊಡುವುದು. ಹೀಗೆ ವರ್ಷಗಟ್ಟಲೆ ನಡೆದು ಕೊನೆಗೆ ಅದು ನಿಘಂಟಾಯಿತು. ಕೇಳುವವರಿಗೆ ಎಲ್ಲಿ ಕೇಳಬೇಕು ಅಂತ ಗೊತ್ತಿತ್ತು, ಉತ್ತರ ಎಲ್ಲಿ ಬರುತ್ತದೆ ಅಂತಲೂ ಗೊತ್ತಿತ್ತು.

ನಮ್ಮ ಹಾವೇರಿ ಕಡೆಯೇ ಇದಕ್ಕಿಂತ ಹಳೆಯ ಉದಾಹರಣೆ ಇದೆ. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ, 1869ರಲ್ಲಿ ಹುಟ್ಟಿದವರು. ಊರು ಗಳಗನಾಥ, ವರದಾ ನದಿ ತುಂಗಭದ್ರೆಗೆ ಸೇರುವ ಜಾಗ. ಅಗಡಿಯ ಆನಂದವನದಿಂದ 1907ರಲ್ಲಿ ಶುರುವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಬೆನ್ನೆಲುಬು ಅವರು. ತಾವು ಬರೆದ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ, ಮನೆ ಮನೆಗೆ ಹೋಗಿ ಮಾರಿದರು. ಜನ ಇದನ್ನು ಅವರ ಬಡತನದ ಕಥೆಯಾಗಿ, ತ್ಯಾಗದ ಕಥೆಯಾಗಿ ಹೇಳುತ್ತಾರೆ. ಅದು ನಿಜವೇ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಹೋದ ವರ್ಷ ಪುಸ್ತಕ ಕೊಂಡ ಮನೆಯ ಕಟ್ಟೆಯ ಮೇಲೆ ಈ ವರ್ಷ ಮತ್ತೆ ಬಂದು ಕೂರುವ ಲೇಖಕನಿಗೆ, ಆ ಮನೆಯವರು ಎಷ್ಟು ಪುಟ ಓದಿದರು, ಎಲ್ಲಿ ಬಿಟ್ಟರು, ಯಾರು ಗಟ್ಟಿಯಾಗಿ ಓದಿದರು, ಯಾರು ಕೇಳಿದರು, ಎಲ್ಲ ಕಣ್ಣಿಗೇ ಕಾಣುತ್ತದೆ ಅಲ್ವಾ? ನಡುವೆ ಯಾರೂ ಇಲ್ಲ.

ಧಾರವಾಡದಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದದ್ದು ಚಂದಾದಾರರ ಬಲದ ಮೇಲೆ. ಓದುಗರು ಮುಂಚೆಯೇ ಹಣ ಕೊಡುತ್ತಿದ್ದರು, ಪುಸ್ತಕ ಮನೆಗೆ ಹೋಗುತ್ತಿತ್ತು. ಅಂದರೆ ಪ್ರಕಾಶಕರ ಕೈಯಲ್ಲಿ ಪ್ರತಿ ಓದುಗರ ಹೆಸರು, ವಿಳಾಸ ಇರುತ್ತಿತ್ತು. ಪುಸ್ತಕ ಹಿಡಿಸಲಿಲ್ಲ ಅಂದರೆ ಮುಂದಿನ ವರ್ಷದ ಚಂದಾ ಬರುವುದಿಲ್ಲ. ಇದಕ್ಕಿಂತ ನೇರವಾದ ಅಭಿಪ್ರಾಯ ಇನ್ನೊಂದಿಲ್ಲ. ಈಗ ಕನ್ನಡದಲ್ಲಿ ಎಷ್ಟೋ ಪ್ರಕಾಶಕರು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿಕೊಂಡು ಪುಸ್ತಕ ಅಚ್ಚು ಹಾಕುತ್ತಾರೆ. ನಾನು ಅವರನ್ನು ದೂರುವುದಿಲ್ಲ, ಅದು ಇಲ್ಲದಿದ್ದರೆ ಒಳ್ಳೆಯ ಪುಸ್ತಕ ಎಷ್ಟೋ ಬರುತ್ತಲೇ ಇರಲಿಲ್ಲ. ಆದರೆ ಹಣ ಇಲಾಖೆಯಿಂದ ಬರುತ್ತದೆ, ಪುಸ್ತಕ ಕಪಾಟಿಗೆ ಹೋಗುತ್ತದೆ, ಯಾರು ತೆಗೆದು ಓದಿದರು ಅನ್ನುವುದು ಪ್ರಕಾಶಕರಿಗೂ ಗೊತ್ತಾಗುವುದಿಲ್ಲ, ಲೇಖಕರಿಗೂ ಗೊತ್ತಾಗುವುದಿಲ್ಲ. ಪತ್ರಿಕೆಯ ಲೆಕ್ಕವೂ ಹೆಚ್ಚು ಕಡಿಮೆ ಹೀಗೇ. ಓದುಗರು ಕೊಡುವ ಬೆಲೆಯಿಂದ ಪತ್ರಿಕೆ ನಡೆಯುವುದಿಲ್ಲ, ಜಾಹೀರಾತಿನಿಂದ ನಡೆಯುತ್ತದೆ. ತಾಲ್ಲೂಕು ಮಟ್ಟದಲ್ಲಿ ವರದಿಗಾರರಿಗೇ ಜಾಹೀರಾತು ತರುವ ಹೊಣೆ ಹೊರಿಸುವುದೂ ಉಂಟು. ಹಾಗಾದಾಗ ಜಾಹೀರಾತು ಕೊಟ್ಟವರ ಸಿಟ್ಟು ಮೊದಲು ಕೇಳಿಸುತ್ತದೆ. ಮೆಣಸಿನಕಾಯಿ ಬೆಳೆದವರ ಮಾತು ನಿಧಾನಕ್ಕೆ ಕೇಳಿಸುತ್ತದೆ.

ಇನ್ನು ವಾಟ್ಸಾಪ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಈಗ ಓದು ನಡೆಯುತ್ತಿರುವುದೇ ಅಲ್ಲಿ. ಯಾರೋ ಪೇಪರ್ ನೋಡಿ ಒಂದು ಲೇಖನದ ಫೋಟೋ ತೆಗೆಯುತ್ತಾರೆ. ಅದನ್ನು ‘ಕಟಿಂಗ್’ ಅನ್ನುತ್ತಾರೆ. ಅಂಚು ಕತ್ತರಿಸಿದ್ದರಿಂದ ಪತ್ರಿಕೆಯ ಹೆಸರಿಲ್ಲ, ತಾರೀಖಿಲ್ಲ, ಒಮ್ಮೊಮ್ಮೆ ಲೇಖಕರ ಹೆಸರೂ ಇಲ್ಲ. ಅದು ಹಳೇ ವಿದ್ಯಾರ್ಥಿಗಳ ಗುಂಪಿಗೆ ಹೋಗುತ್ತದೆ, ಊರಿನ ಗುಂಪಿಗೆ ಹೋಗುತ್ತದೆ, ಶಿಕ್ಷಕರ ಗುಂಪಿಗೆ ಹೋಗುತ್ತದೆ. ಅಲ್ಲಿ ಚರ್ಚೆ ಆಗುತ್ತದೆ. ಸುಮ್ನೆ ‘ಸೂಪರ್’ ಅಂತ ಹಾಕುವವರು ಇದ್ದೇ ಇರುತ್ತಾರೆ, ಆದರೆ ನಡುವೆ ಒಬ್ಬರು, ಬಹುಶಃ ನಿವೃತ್ತ ಶಿಕ್ಷಕರು ಅಥವಾ ಕೃಷಿ ಇಲಾಖೆಯಲ್ಲಿ ಇದ್ದವರು, ‘ಇಲ್ಲಿ ಎರಡನೇ ಪ್ಯಾರಾದಲ್ಲಿ ಹೇಳಿದ್ದು ಸರಿಯಲ್ಲ’ ಅಂತ ಕಾರಣ ಸಮೇತ ಬರೆದಿರುತ್ತಾರೆ. ಮುನ್ನೂರು ಜನ ಅದನ್ನು ನೋಡುತ್ತಾರೆ. ಬರೆದ ಲೇಖಕ ಒಬ್ಬನೇ ನೋಡುವುದಿಲ್ಲ. ಮರುದಿನ ಶುಭೋದಯದ ಚಿತ್ರಗಳು ಬಂದು ಆ ಮಾತು ಮೇಲಕ್ಕೆ ಸರಿದುಹೋಗುತ್ತದೆ. ಮೊದಲಾದರೆ ಇದೇ ಶಿಕ್ಷಕರು ಕಾರ್ಡು ಬರೆಯುತ್ತಿದ್ದರು, ಅದು ನನ್ನ ಟೇಬಲ್ಲಿಗೆ ಬರುತ್ತಿತ್ತು. ಈಗ ಹೇಳಿದ ಸಮಾಧಾನ ಅವರಿಗೆ ಗುಂಪಿನಲ್ಲೇ ಸಿಕ್ಕಿಬಿಡುತ್ತದೆ.

ಆದರೂ ಮೊಬೈಲಿನಿಂದ ಆದ ಒಂದು ಒಳ್ಳೆಯದನ್ನು ಹೇಳದೆ ಇರಲಾರೆ. ನಾನು ಪತ್ರ ನೋಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳ ಹೆಸರಿನ ಪತ್ರ ತೀರಾ ಕಡಿಮೆ. ಸಾಲಿ ಕಲಿಯದವರ ಪತ್ರವಂತೂ ಬರುವುದು ಹೇಗೆ? ಈಗ ನನ್ನ ನಂಬರಿಗೆ ಬರುವ ಪ್ರತಿಕ್ರಿಯೆಗಳಲ್ಲಿ ಧ್ವನಿ ಸಂದೇಶಗಳೇ ಜಾಸ್ತಿ. ಮಗಳು ಓದಿ ಹೇಳಿದ್ದನ್ನು ಕೇಳಿ, ರೊಟ್ಟಿ ಬಡಿಯುತ್ತಲೇ ಮಾತಾಡಿದ ತಾಯಂದಿರು ಇದ್ದಾರೆ. ಹಿಂದೆ ತಟ್ಟುವ ಸದ್ದು ಕೇಳಿಸುತ್ತಿರುತ್ತದೆ. ಇಂಥವರು ಕನ್ನಡ ಪತ್ರಿಕೆಗಳ ಇತಿಹಾಸದಲ್ಲಿ ಹಿಂದೆಂದೂ ಸಂಪಾದಕರಿಗೆ ಮಾತಾಡಿದವರಲ್ಲ. ಆದರೆ ಇದನ್ನು ಬಳಸುವ ವ್ಯವಸ್ಥೆ ನಮ್ಮಲ್ಲಿಲ್ಲ. ನಾಲ್ಕು ನಿಮಿಷದ ಧ್ವನಿಯನ್ನು ಕೇಳಬೇಕು, ಬರೆದುಕೊಳ್ಳಬೇಕು, ಅವರ ಒಪ್ಪಿಗೆ ಕೇಳಬೇಕು, ಅವರ ಮಾತು ಕೆಡದ ಹಾಗೆ ಎಂಟು ಸಾಲು ಮಾಡಬೇಕು. ಇದಕ್ಕೆ ಒಬ್ಬರು ಬೇಕು. ಡೆಸ್ಕಿನಲ್ಲಿ ಜನ ಕಡಿಮೆ ಮಾಡುವಾಗ ಮೊದಲು ಹೋದದ್ದು ಆ ಒಬ್ಬರು. ಅವರ ಜಾಗಕ್ಕೆ ಎಷ್ಟು ಜನ ನೋಡಿದರು ಅನ್ನುವ ಅಂಕಿ ಬಂದು ಕೂತಿದೆ. ಹತ್ತು ಸಾವಿರ ಜನ ನೋಡಿದರು ಅಂತ ಅದು ಹೇಳುತ್ತದೆ, ಅವರಲ್ಲಿ ಎಷ್ಟು ಜನ ಖಾರ ಅಂತ ಓದಿ ತಲೆ ಅಲ್ಲಾಡಿಸಿದರು ಅನ್ನುವುದನ್ನು ಹೇಳುವುದಿಲ್ಲ.

ಒಬ್ಬರನ್ನು ಇದಕ್ಕೇ ಇಡುವುದು ಹೊಸ ವಿಚಾರವೇನಲ್ಲ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 1997ರಲ್ಲಿ ಓದುಗರ ಸಂಪಾದಕ ಅನ್ನುವ ಹುದ್ದೆ ಮಾಡಿತು. ನಮ್ಮ ದೇಶದಲ್ಲಿ ದಿ ಹಿಂದೂ 2006ರಲ್ಲಿ ಮಾಡಿತು. ದೂರು ಕೇಳುವುದು, ಬರೆದವರನ್ನು ವಿಚಾರಿಸುವುದು, ತಪ್ಪಾಗಿದ್ದರೆ ದಿನವೂ ಒಂದು ಗೊತ್ತಾದ ಜಾಗದಲ್ಲಿ ತಿದ್ದಿ ಹಾಕುವುದು ಅವರ ಕೆಲಸ. ಸಣ್ಣ ಪತ್ರಿಕೆಗೆ ಅಷ್ಟು ದೊಡ್ಡ ಹುದ್ದೆ ಬೇಡ. ವಾರಕ್ಕೆ ಅರ್ಧ ಕಾಲಂ ಸಾಕು, ಆದರೆ ಅದು ತಪ್ಪದೆ ಒಂದೇ ಜಾಗದಲ್ಲಿ ಬರಬೇಕು.

ಪತ್ರಿಕೆಗಳ ಮೇಲಿನ ದೂರು ಕೇಳುವ ಪ್ರೆಸ್ ಕೌನ್ಸಿಲ್ ನಿಯಮದ ಬಗ್ಗೆಯೂ ಓದುಗರಿಗೆ ಗೊತ್ತಿರಲಿ. ಅಲ್ಲಿಗೆ ದೂರು ಕೊಡುವ ಮೊದಲು ಸಂಪಾದಕರಿಗೇ ಬರೆದು ತಿದ್ದುಪಡಿ ಕೇಳಿರಬೇಕು. ದಿನಪತ್ರಿಕೆ, ವಾರಪತ್ರಿಕೆಯಾದರೆ ಅಚ್ಚಾದ ಎರಡು ತಿಂಗಳ ಒಳಗೆ, ಉಳಿದವಕ್ಕೆ ನಾಲ್ಕು ತಿಂಗಳ ಒಳಗೆ ದೂರು ಹೋಗಬೇಕು. ಕೌನ್ಸಿಲ್ ಎಚ್ಚರಿಕೆ ಕೊಡಬಹುದು, ಖಂಡಿಸಬಹುದು, ದಂಡ ಹಾಕಲಾರದು. ಸಂಪಾದಕರ ಹೆಸರು ಬೇಕಾದರೆ ಪತ್ರಿಕೆಯಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಹಾಕಲೇಬೇಕು ಅನ್ನುವುದು ಕಾನೂನು. ಬರೆಯುವಾಗ ತಾರೀಖು, ಪುಟ, ತಪ್ಪಿರುವ ಸಾಲು, ಸರಿಯಾದದ್ದು ಏನು, ನಿಮಗೆ ಅದು ಹೇಗೆ ಗೊತ್ತು, ಇಷ್ಟು ಇದ್ದರೆ ಆ ಪತ್ರವನ್ನು ಪಕ್ಕಕ್ಕೆ ಇಡುವುದು ಯಾವ ಡೆಸ್ಕಿಗೂ ಕಷ್ಟ.

ಇಷ್ಟು ಹೇಳುವಾಗ ಒಂದು ಗೆರೆ ಎಳೆಯಲೇಬೇಕು, ಧಾರವಾಡದ ನೆಲದಲ್ಲಿ ನಿಂತು ಬರೆಯುವವರಿಗೆ ಅದನ್ನು ಬಿಡಲು ಆಗುವುದಿಲ್ಲ. ಎಂ.ಎಂ. ಕಲಬುರ್ಗಿಯವರು 1980ರ ದಶಕದ ಕೊನೆಯಲ್ಲಿ ತಮ್ಮ ಸಂಶೋಧನೆಯ ಕೆಲವು ಮಾತುಗಳನ್ನು ಒತ್ತಡಕ್ಕೆ ಸಿಕ್ಕು ಹಿಂದೆ ತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಕಲ್ಯಾಣನಗರದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅದಾದ ಮೇಲೆ ಎಷ್ಟೋ ದಿನ ನಾವು ಟಪಾಲು ತೆರೆಯುವಾಗ ಕೈ ನಿಧಾನ ಆಗುತ್ತಿತ್ತು. ನಿಮ್ಮ ಲೇಖನದಲ್ಲಿ ತಪ್ಪು ಎಲ್ಲಿದೆ ಅಂತ ಹೇಳುವ ಪತ್ರ ಒಂದು. ನಿಮ್ಮ ಮನೆ ಎಲ್ಲಿದೆ ಗೊತ್ತು ಅಂತ ಹೇಳುವ ಪತ್ರ ಇನ್ನೊಂದು. ಮೊದಲನೆಯದು ಎಷ್ಟೇ ಖಾರವಾಗಿದ್ದರೂ ಪುಟಕ್ಕೆ ಹೋಗಬೇಕು. ಎರಡನೆಯದು ಪೊಲೀಸರಿಗೆ ಹೋಗಬೇಕು. ಎರಡನ್ನೂ ‘ಓದುಗರ ವಿರೋಧ’ ಅನ್ನುವ ಒಂದೇ ಹೆಸರಲ್ಲಿ ಕರೆದು, ಹೆದರಿ, ಎರಡಕ್ಕೂ ಬಾಗಿಲು ಹಾಕಿದ ಸಂಪಾದಕರನ್ನು ನಾನು ನೋಡಿದ್ದೇನೆ. ಅದರಿಂದ ಬೆದರಿಸುವವರಿಗೆ ಏನೂ ನಷ್ಟ ಆಗಲಿಲ್ಲ, ಅವರು ಫೋನ್ ಮಾಡಿದರು. ಕಾರ್ಡು ಬರೆಯುವವರು ನಿಂತುಹೋದರು.

ದಾರಿ ಕಡಿಯುವುದು ಪತ್ರಿಕೆಯಲ್ಲಿ ಮಾತ್ರ ಅಂತ ನಾನು ಬಹಳ ದಿನ ತಿಳಿದಿದ್ದೆ. ಹಾಗಲ್ಲ. ಮೂರು ವರ್ಷದ ಹಿಂದೆ ನನ್ನ ಲೇಖನಗಳನ್ನು ಸೇರಿಸಿ ಒಂದು ಪುಸ್ತಕ ಬಂತು. ಗದಗದ ಒಂದು ಪ್ರೆಸ್ಸಿನಲ್ಲಿ ಅಚ್ಚಾಯಿತು. ಕೈಗೆ ಬಂದ ಮೇಲೆ ಬ್ಯಾಡಗಿ ಪುಟ ತೆರೆದೆ. ‘ಖಾರಕ್ಕೆ ಹೆಸರಾದ’ ಅಂತಲೇ ಇತ್ತು. ನಾನು ಕಳಿಸಿದ್ದು ಹಳೇ ಫೈಲು. ಆ ರೈತರು ಹೇಳಿದ್ದು ನನ್ನ ತಲೆಯಲ್ಲಿತ್ತು, ಫೈಲಿನಲ್ಲಿ ಇರಲಿಲ್ಲ. ಅವತ್ತಿನಿಂದ ಒಂದು ವಹಿ ಇಟ್ಟಿದ್ದೇನೆ. ಯಾರು, ಯಾವಾಗ, ಯಾವ ಲೇಖನದ ಯಾವ ಸಾಲಿಗೆ ಏನು ಹೇಳಿದರು, ನಾನು ಪರೀಕ್ಷೆ ಮಾಡಿದಾಗ ಏನು ಗೊತ್ತಾಯಿತು, ಎಲ್ಲಿ ತಿದ್ದಿದೆ, ಎಲ್ಲ ಅದರಲ್ಲಿ ಬರೆಯುತ್ತೇನೆ. ಹೇಳಿದ್ದೆಲ್ಲ ಸರಿ ಇರುವುದಿಲ್ಲ, ಪರೀಕ್ಷೆ ಮಾಡಿದಾಗ ನನ್ನ ಸಾಲೇ ಸರಿ ಅಂತ ಗೊತ್ತಾದರೆ ಅದನ್ನೂ ಬರೆದು ಅವರಿಗೆ ಫೋನ್ ಮಾಡಿ ಹೇಳುತ್ತೇನೆ.

ಈ ವರ್ಷ ಆ ಪುಸ್ತಕ ಎರಡನೇ ಸಲ ಅಚ್ಚಾಗುವ ಮಾತು ಬಂದಾಗ ವಹಿ ತಗೊಂಡು ಪ್ರೆಸ್ಸಿಗೆ ಹೋದೆ. ಇಪ್ಪತ್ತಾರು ತಿದ್ದುಪಡಿ ಇದ್ದವು. ಡಿಟಿಪಿ ಮಾಡುವವರು ಪಟ್ಟಿ ನೋಡಿ, "ಇಷ್ಟು ತಿದ್ದಿದ್ರ ಪುಟ ಓಡ್ತಾವ್ರಿ ಸರ" ಅಂದರು. ಒಂದು ಸಾಲು ಜಾಸ್ತಿ ಆದರೆ ಮುಂದಿನ ಪುಟದ ಸಾಲೂ ಕೆಳಗೆ ಜಾರುತ್ತದೆ, ಪರಿವಿಡಿಯವರೆಗೂ ಬದಲಾಗುತ್ತದೆ. ಮೇಲಾಗಿ ಹಳೇ ನುಡಿ ಫಾಂಟಿನ ಫೈಲು, ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರ ಒಡೆಯುತ್ತವೆ. ಎರಡನೇ ಮುದ್ರಣ ಅಂತ ಬರುವ ಎಷ್ಟೋ ಕನ್ನಡ ಪುಸ್ತಕಗಳಲ್ಲಿ ಹಳೇ ತಪ್ಪು ಹಾಗೇ ಉಳಿಯುವುದಕ್ಕೆ ಇದೂ ಒಂದು ಕಾರಣ. ಅವರು ಪುಣ್ಯವಂತರು, ಎರಡು ದಿನ ಕೂತರು. ನಾನೂ ಪಕ್ಕದಲ್ಲಿ ಕೂತು, ಸೇರಿಸಿದಷ್ಟೇ ಅಕ್ಷರ ಅದೇ ಪ್ಯಾರಾದಲ್ಲಿ ಬೇರೆ ಕಡೆ ತೆಗೆದುಕೊಟ್ಟೆ. ಪುಟ ಓಡಲಿಲ್ಲ. ‘ಖಾರಕ್ಕೆ’ ಹೋಗಿ ‘ಬಣ್ಣಕ್ಕೆ’ ಬಂತು. ಕೊನೆಯ ಪುಟದಲ್ಲಿ, ಒಪ್ಪಿಕೊಂಡವರ ಹೆಸರು ಹಾಕಿ, ಯಾರು ಯಾವುದನ್ನು ತಿದ್ದಿದರು ಅಂತ ಬರೆದೆವು.

ಒಂದು ಪ್ರತಿಯನ್ನು ಆ ರೈತರಿಗೆ ಕಳಿಸಿದೆ. ಎಂಟು ದಿನದ ಮೇಲೆ ಫೋನ್ ಮಾಡಿದರು. "ಈಗ ಬರೋಬರಿ ಆತ್ ನೋಡ್ರಿ" ಅಂದರು. ಆಮೇಲೆ ಅದೇ ಪುಟದ ಕೆಳಗೆ ಕೋಲ್ಡ್ ಸ್ಟೋರೇಜ್ ಬಗ್ಗೆ ನಾನು ಬರೆದದ್ದನ್ನು ಓದಿ ಹೇಳಿ, "ಇದನ್ನ ಯಾರ್ ಹೇಳಿದ್ರಿ ನಿಮಗ?" ಅಂತ ಕೇಳಿದರು. ವಹಿ ಮತ್ತು ಪೆನ್ನು ತಗೊಂಡು ಬಂದು ಕೂತೆ.